ಒಂದು ಹೆಜ್ಜೆ ಇನ್ನೊಂದರಂತಿದೆಯೇ? ಹಿರಿಯರ ನಡಿಗೆಯ ಸ್ಥಿರತೆಯನ್ನು ಸೆನ್ಸರ್‌ನಿಂದ ಅಳೆಯುವ ಕ್ರಮ

‘ಸ್ವಲ್ಪ ನಡೆದು ತೋರಿಸಿ’ ಎಂದರೆ ಹಿರಿಯರು ಬೆನ್ನು ನೆಟ್ಟಗೆ ಮಾಡಿಕೊಂಡು, ಕಾಲು ಎತ್ತಿಟ್ಟು, ತಮ್ಮಿಂದಾದಷ್ಟು ಚೆನ್ನಾಗಿಯೇ ನಡೆಯುತ್ತಾರೆ. ನೋಡುವವರಿಗೆ ಏನೂ ಕೊರತೆ ಕಾಣುವುದಿಲ್ಲ. ಆದರೆ ಆಯತಪ್ಪಿಸುವುದು ಆ ಹತ್ತು ಒಳ್ಳೆಯ ಹೆಜ್ಜೆಗಳಲ್ಲ. ಐವತ್ತರಲ್ಲಿ ಎಲ್ಲೋ ಒಂದೆರಡು ಹೆಜ್ಜೆ ತಡವಾಗಿ ಬೀಳುತ್ತವೆ, ಒಂದೆರಡು ಅವಸರದಲ್ಲಿ ಬೀಳುತ್ತವೆ. ಸೆಕೆಂಡಿನ ನೂರನೇ ಭಾಗಗಳಲ್ಲಿರುವ ಆ ವ್ಯತ್ಯಾಸವನ್ನು ಕಣ್ಣು ಹಿಡಿಯಲಾರದು. ಸೊಂಟಕ್ಕೆ ಕಟ್ಟಿದ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರ್ ಹಿಡಿಯುತ್ತದೆ.

65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಿದ್ದು ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ 6,84,000, ಅವರಲ್ಲಿ ಹಿರಿಯರದ್ದೇ ದೊಡ್ಡ ಪಾಲು. ಬಿದ್ದ ಮೇಲೆ ಮೂಳೆ ಕೂಡಿಸುವುದಕ್ಕಿಂತ ಬೀಳುವ ಮೊದಲೇ ನಡಿಗೆಯ ತಾಳ ತಪ್ಪಿದ್ದನ್ನು ಗುರುತಿಸುವುದು ಎಷ್ಟೋ ಮೇಲು. ಫಿಸಿಯೋಥೆರಪಿ ಮಾಡುವವರು, ಕಲಿಯುತ್ತಿರುವವರು, ಹಿರಿಯರ ಆರೈಕೆಯಲ್ಲಿರುವವರು ಈ ಅಳತೆಯನ್ನು ಹೇಗೆ ಮಾಡಬಹುದು ಎಂಬುದನ್ನು ನಾನು ಅನುಸರಿಸುವ ಕ್ರಮದಲ್ಲೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆ, ಆಮೇಲೆ ಉಪಕರಣ

ಏಕೆ ಅಳೆಯುತ್ತಿದ್ದೀರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ‘ಇವರ ಇಂದಿನ ನಡಿಗೆ ಹೇಗಿದೆ’ ಎಂಬುದು ಒಂದು ಪ್ರಶ್ನೆ. ‘ಮೂರು ತಿಂಗಳ ವ್ಯಾಯಾಮದಿಂದ ಏನಾದರೂ ಬದಲಾಯಿತೇ’ ಎಂಬುದು ಇನ್ನೊಂದು. ‘ಯಾರೂ ನೋಡದಿದ್ದಾಗ, ತಮ್ಮ ಪಾಡಿಗೆ ತಾವು ಇದ್ದಾಗ ಹೇಗೆ ನಡೆಯುತ್ತಾರೆ’ ಎಂಬುದು ಮೂರನೆಯದು. ಮೊದಲೆರಡಕ್ಕೆ ನೇರವಾದ ಒಂದು ಹಾದಿ ಮತ್ತು ಅರ್ಧ ಗಂಟೆ ಸಾಕು. ಮೂರನೆಯದಕ್ಕೆ ವಾರವಿಡೀ ಸೆನ್ಸರ್ ಕಟ್ಟಿಕೊಂಡಿರಬೇಕಾಗುತ್ತದೆ. ಈ ಮೂರನ್ನೂ ಕಲಸಿಬಿಟ್ಟರೆ ಕೊನೆಗೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಸೆನ್ಸರ್ ಕಟ್ಟುವ ಮುನ್ನ ಕೇಳಬೇಕಾದದ್ದು

ಕಳೆದ 12 ತಿಂಗಳಲ್ಲಿ ಬಿದ್ದಿದ್ದೀರಾ ಎಂದು ಕೇಳಿ. ಸರಳವಾದ ಈ ಪ್ರಶ್ನೆಗೆ ಬರುವ ಉತ್ತರ ಎಷ್ಟೋ ಯಂತ್ರಗಳಿಗಿಂತ ಹೆಚ್ಚು ಹೇಳುತ್ತದೆ. ಅನೇಕರು ‘ಬಿದ್ದಿಲ್ಲ’ ಎಂದೇ ಶುರುಮಾಡುತ್ತಾರೆ. ‘ಎಡವಿ ಗೋಡೆ ಹಿಡಿದುಕೊಂಡದ್ದು? ಕೂರಲು ಹೋಗಿ ನೆಲಕ್ಕೆ ಜಾರಿದ್ದು?’ ಎಂದು ಬಿಡಿಸಿ ಕೇಳಿದಾಗ ನಿಜ ಹೊರಬರುತ್ತದೆ. ಬೀಳುವ ಭಯವಿದೆಯೇ ಎಂಬುದನ್ನೂ ಕೇಳಿ. ಭಯವಿರುವವರು ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡು, ನಿಧಾನವಾಗಿ, ಬಿಗಿಹಿಡಿದು ನಡೆಯುತ್ತಾರೆ. ಆ ನಡಿಗೆಯ ಅಂಕಿಗಳನ್ನು ಭಯದ ಮಾಹಿತಿಯಿಲ್ಲದೆ ಓದಿದರೆ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ತೆಗೆದುಕೊಳ್ಳುತ್ತಿರುವ ಔಷಧಿಗಳನ್ನು, ಅದರಲ್ಲೂ ನಿದ್ರೆಯ ಮಾತ್ರೆಗಳನ್ನು ಬರೆದುಕೊಳ್ಳಿ. ಮಲಗಿದ್ದಾಗಿನ ರಕ್ತದೊತ್ತಡ, ಎದ್ದು ನಿಂತ ಮೂರು ನಿಮಿಷದೊಳಗಿನ ರಕ್ತದೊತ್ತಡ ಎರಡನ್ನೂ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದು ವೈದ್ಯರಿಗೆ ತಿಳಿಯಬೇಕಾದ ವಿಷಯ. ಅಂದು ತಲೆಸುತ್ತು, ಎದೆನೋವು, ಹೊಸದಾಗಿ ಶುರುವಾದ ಕಾಲುನೋವು ಇದ್ದರೆ ಪರೀಕ್ಷೆ ಬೇಡ. ದೃಷ್ಟಿ, ಪಾದದ ಸ್ಪರ್ಶ, ಪಾದರಕ್ಷೆ ಇವನ್ನೂ ನೋಡಿಕೊಳ್ಳಿ. ಸವೆದ ಅಟ್ಟೆಯಿಂದ ಜಾರುವುದಕ್ಕೂ ನರದ ದೌರ್ಬಲ್ಯದಿಂದ ಜಾರುವುದಕ್ಕೂ ಇರುವ ವ್ಯತ್ಯಾಸ ಸೆನ್ಸರ್‌ಗೆ ಗೊತ್ತಾಗುವುದಿಲ್ಲ.

ಯಾವ ಸೆನ್ಸರ್, ದೇಹದ ಯಾವ ಜಾಗ

ಬೇಕಾದದ್ದು ಆಕ್ಸಿಲರೋಮೀಟರ್ ಮತ್ತು ಗೈರೋಸ್ಕೋಪ್ ಎರಡೂ ಇರುವ ಸೆನ್ಸರ್. ಮೊದಲನೆಯದು ವೇಗೋತ್ಕರ್ಷವನ್ನು ಅಳೆಯುತ್ತದೆ, ಅಂದರೆ ದೇಹದ ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂಬುದನ್ನು. ಎರಡನೆಯದು ದೇಹ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಅಳೆಯುತ್ತದೆ. ಜೊತೆಗೆ ದಿಕ್ಸೂಚಿಯಂತೆ ಕೆಲಸ ಮಾಡುವ ಮ್ಯಾಗ್ನೆಟೋಮೀಟರ್ ಇದ್ದರೂ ಅದನ್ನು ನೆಚ್ಚಿಕೊಳ್ಳಬೇಡಿ. ಕಬ್ಬಿಣದ ಮಂಚ, ಗೋಡೆಯೊಳಗಿನ ಸರಳುಗಳು ಅದರ ದಿಕ್ಕು ತಪ್ಪಿಸುತ್ತವೆ.

ಒಂದೇ ಸೆನ್ಸರ್ ಇದ್ದರೆ ಅದರ ಜಾಗ ಕೆಳಬೆನ್ನು. ಎರಡೂ ಕೈಗಳಿಂದ ಸೊಂಟದ ಮೂಳೆಯ ಮೇಲಂಚನ್ನು ಮುಟ್ಟಿ, ಅಲ್ಲಿಂದ ಬೆನ್ನುಮೂಳೆಯ ಕಡೆಗೆ ಅಡ್ಡಗೆರೆ ಎಳೆದಂತೆ ಊಹಿಸಿಕೊಂಡರೆ ಸಿಗುವುದು ಸೊಂಟದ ನಾಲ್ಕನೇ ಕಶೇರುಕದ, ಅಂದರೆ ಬೆನ್ನುಮೂಳೆಯ ಮಣಿಯ, ಸುತ್ತಲಿನ ಭಾಗ. ದೇಹದ ಗುರುತ್ವಕೇಂದ್ರ ಅದರ ಹತ್ತಿರದಲ್ಲೇ ಇರುವುದರಿಂದ ಇಡೀ ದೇಹ ಮುಂದಕ್ಕೆ, ಪಕ್ಕಕ್ಕೆ, ಮೇಲೆ ಕೆಳಗೆ ಹೇಗೆ ಓಲಾಡುತ್ತಿದೆ ಎಂಬುದು ಅಲ್ಲಿ ಚೆನ್ನಾಗಿ ಸಿಗುತ್ತದೆ. ಇನ್ನೆರಡು ಸೆನ್ಸರ್ ಇದ್ದರೆ ಕಣಕಾಲುಗಳಿಗೆ ಕಟ್ಟಿ. ಹಿಮ್ಮಡಿ ನೆಲ ಮುಟ್ಟುವ ಕ್ಷಣ, ಬೆರಳು ನೆಲ ಬಿಡುವ ಕ್ಷಣ ಅಲ್ಲಿಂದ ಹೆಚ್ಚು ಖಚಿತವಾಗಿ ಸಿಗುತ್ತವೆ. ಮಣಿಕಟ್ಟಿನ ಗಡಿಯಾರ ಹೆಜ್ಜೆ ಎಣಿಸಲು ಸರಿ, ಸ್ಥಿರತೆ ಅಳೆಯಲು ನಾನು ಒಪ್ಪುವುದಿಲ್ಲ. ಊರುಗೋಲು ಹಿಡಿದವರ ಕೈ, ಜೇಬಿನೊಳಗಿನ ಕೈ, ಬೀಸುವ ಕೈ ಮೂರೂ ಬೇರೆಬೇರೆ ಕಥೆ ಹೇಳುತ್ತವೆ, ನಡಿಗೆಯ ಕಥೆಯನ್ನಲ್ಲ.

ಕಟ್ಟುವುದರಲ್ಲೇ ಅರ್ಧ ಕೆಲಸವಿದೆ. ಒಮ್ಮೆ ದಪ್ಪ ಉಡುಪಿನ ಮೇಲೆ ಸಡಿಲವಾಗಿ ಪಟ್ಟಿ ಕಟ್ಟಿ, ಬಂದ ಅಂಕಿಗಳನ್ನು ನೋಡಿ ಆ ಹಿರಿಯರ ಬಗ್ಗೆ ಗಾಬರಿಪಟ್ಟಿದ್ದೆ. ತೂರಾಡುತ್ತಿದ್ದದ್ದು ಅವರಲ್ಲ, ನಾನು ಕಟ್ಟಿದ ಪಟ್ಟಿ. ಅಂದಿನಿಂದ ತೆಳು ಬಟ್ಟೆಯ ಮೇಲೆ, ಅಗಲವಾದ ಎಲಾಸ್ಟಿಕ್ ಪಟ್ಟಿಯಲ್ಲಿ, ಉಸಿರಾಟಕ್ಕೆ ತೊಂದರೆಯಾಗದಷ್ಟು ಬಿಗಿಯಾಗಿ ಕಟ್ಟುತ್ತೇನೆ. ಬೆರಳಿನಿಂದ ಸೆನ್ಸರನ್ನು ತಳ್ಳಿ ನೋಡುತ್ತೇನೆ, ದೇಹ ಬಿಟ್ಟು ಅದೊಂದೇ ಅಲುಗಿದರೆ ಮತ್ತೆ ಕಟ್ಟುತ್ತೇನೆ. ಚರ್ಮಕ್ಕೆ ನೇರವಾಗಿ ಅಂಟುಪಟ್ಟಿ ಹಚ್ಚುವುದಾದರೆ ಜೋಕೆ. ಹಿರಿಯರ ಚರ್ಮ ತೆಳುವಾಗಿರುತ್ತದೆ, ಎಳೆದು ಕಿತ್ತರೆ ಸುಲಿದು ಬರುತ್ತದೆ.

ಅಳತೆಗೆ ಮುಂಚಿನ ತಪಾಸಣೆ

ಸೆಕೆಂಡಿಗೆ ಕನಿಷ್ಠ 100 ಸಲ ಅಳೆಯುವಂತೆ ಹೊಂದಿಸಿ, ಅಂದರೆ 100 ಹರ್ಟ್ಸ್. ನಾವು ಹುಡುಕುತ್ತಿರುವ, ಹೆಜ್ಜೆಯಿಂದ ಹೆಜ್ಜೆಗೆ ಅವಧಿಯಲ್ಲಾಗುವ ಏರಿಳಿತವೇ ಸೆಕೆಂಡಿನ ಒಂದೆರಡು ಶತಾಂಶದಷ್ಟು. 50 ಹರ್ಟ್ಸ್‌ನಲ್ಲಿ ಒಂದು ಅಳತೆಗೂ ಇನ್ನೊಂದಕ್ಕೂ 0.02 ಸೆಕೆಂಡಿನ ಅಂತರವಿರುತ್ತದೆ. ಅಷ್ಟು ಒರಟಾದ ಅಳತೆಗೋಲಿನಿಂದ ಅಷ್ಟು ನಯವಾದದ್ದನ್ನು ಅಳೆದರೆ ಉಪಕರಣದ ದೋಷವೇ ನಡಿಗೆಯ ದೋಷವಾಗಿ ಕಾಣುತ್ತದೆ. ಸೊಂಟದ ಸೆನ್ಸರ್‌ಗೆ ಗುರುತ್ವದ ನಾಲ್ಕರಿಂದ ಎಂಟು ಪಟ್ಟಿನ ವ್ಯಾಪ್ತಿ ಸಾಕು. ಹಿಮ್ಮಡಿಯ ಹೊಡೆತ ನೇರವಾಗಿ ತಗಲುವ ಕಣಕಾಲಿಗೆ ಹದಿನಾರು ಪಟ್ಟು ಇಟ್ಟುಕೊಳ್ಳಿ.

ಸೆನ್ಸರನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟಾಗ ಆಕ್ಸಿಲರೋಮೀಟರ್ ಗುರುತ್ವದ ಅಳತೆಯಾದ ಸುಮಾರು 9.8 ಮೀ/ಸೆ² ತೋರಿಸಬೇಕು, ಗೈರೋಸ್ಕೋಪ್ ಸೊನ್ನೆಯ ಹತ್ತಿರ ಇರಬೇಕು. ಆರೂ ಮುಖಗಳನ್ನು ಸರದಿಯಂತೆ ಕೆಳಗೆ ಮಾಡಿ ಇದನ್ನು ಪರೀಕ್ಷಿಸಿ. ದತ್ತಾಂಶ ಬ್ಲೂಟೂತ್ ಮೂಲಕ ಬರುವುದಾದರೆ ನಡುನಡುವೆ ತುಣುಕುಗಳು ಕಳೆದುಹೋಗಬಹುದು. ಸೆನ್ಸರ್‌ನ ಒಳಗೇ ದಾಖಲಿಸಿಕೊಳ್ಳುವ ಸೌಲಭ್ಯವಿದ್ದರೆ ಅದನ್ನೇ ಬಳಸಿ. ಒಂದಕ್ಕಿಂತ ಹೆಚ್ಚು ಸೆನ್ಸರ್ ಇದ್ದರೆ ಎಲ್ಲವನ್ನೂ ಒಟ್ಟಿಗೆ ಕೈಯಲ್ಲಿ ಹಿಡಿದು ಮೇಜಿಗೆ ಮೂರು ಸಲ ತಟ್ಟಿ. ಆ ಮೂರು ತಟ್ಟುಗಳನ್ನು ಆಮೇಲೆ ಪರದೆಯ ಮೇಲೆ ಒಂದಕ್ಕೊಂದು ಹೊಂದಿಸಿದರೆ ಎಲ್ಲದರ ಸಮಯವೂ ಸರಿಹೋಗುತ್ತದೆ.

ಕಟ್ಟಿದ ಮೇಲೆ ಹಿರಿಯರನ್ನು ಹತ್ತು ಸೆಕೆಂಡು ಸುಮ್ಮನೆ ನಿಲ್ಲಿಸಿ. ಬೆನ್ನು ಬಾಗಿದವರಲ್ಲಿ ಸೆನ್ಸರ್ ಕೂಡ ಬಾಗಿಯೇ ಕೂತಿರುತ್ತದೆ. ಆ ಓರೆಯನ್ನು ಈ ಹತ್ತು ಸೆಕೆಂಡಿನ ದಾಖಲೆಯಿಂದಲೇ ಲೆಕ್ಕಹಾಕಿ ತೆಗೆಯಬೇಕು. ಇಲ್ಲದಿದ್ದರೆ ಗುರುತ್ವದ ಒಂದು ಪಾಲು ಮುಂದಿನ ಚಲನೆಯೊಳಗೆ ಸೇರಿಕೊಂಡುಬಿಡುತ್ತದೆ.

ನಡೆಸುವುದು

ನೇರವಾದ, ಸಮತಟ್ಟಾದ, ಬೆಳಕಿರುವ ಹಾದಿ ಬೇಕು. 10 ಮೀಟರ್ ಅಳೆದು ಗುರುತು ಮಾಡಿ, ಎರಡೂ ತುದಿಯಲ್ಲಿ ಕನಿಷ್ಠ 2 ಮೀಟರ್ ಹೆಚ್ಚುವರಿ ಜಾಗ ಬಿಡಿ. ಹೊರಡುವಾಗಿನ ಮತ್ತು ನಿಲ್ಲುವಾಗಿನ ಹೆಜ್ಜೆಗಳು ಲೆಕ್ಕಕ್ಕೆ ಬೇಡ. ‘ನಿಮ್ಮ ಎಂದಿನ ನಡಿಗೆಯಲ್ಲಿ ನಡೆಯಿರಿ’ ಎಂದಷ್ಟೇ ಹೇಳಿ, ಪ್ರತಿ ಸಲವೂ ಅದೇ ಮಾತುಗಳನ್ನು ಬಳಸಿ. ‘ಚೆನ್ನಾಗಿ ನಡೆಯಿರಿ’, ‘ಹುಷಾರಾಗಿ ನಡೆಯಿರಿ’ ಎಂದರೆ ನಡಿಗೆಯೇ ಬದಲಾಗಿಬಿಡುತ್ತದೆ. ಮೊದಲ ಸುತ್ತು ಅಭ್ಯಾಸಕ್ಕೆ ಮಾತ್ರ.

ಎಷ್ಟು ಸುತ್ತು? ಹೆಜ್ಜೆಯ ಏರಿಳಿತ ತಿಳಿಯಲು ಹೆಜ್ಜೆಗಳು ಸಾಕಷ್ಟಿರಬೇಕು. ಬಲ ಹಿಮ್ಮಡಿ ನೆಲ ಮುಟ್ಟಿದ ಕ್ಷಣದಿಂದ ಮತ್ತೆ ಅದೇ ಹಿಮ್ಮಡಿ ನೆಲ ಮುಟ್ಟುವವರೆಗಿನದನ್ನು ಒಂದು ಜೋಡಿಹೆಜ್ಜೆ ಎನ್ನೋಣ. ಕನಿಷ್ಠ 50 ಜೋಡಿಹೆಜ್ಜೆ ಸಿಗುವಂತೆ ನೋಡಿಕೊಳ್ಳಿ. ಒಂದು ಜೋಡಿಹೆಜ್ಜೆ ಸುಮಾರು ಒಂದು ಮೀಟರ್ ಇರುವವರಿಗೆ 10 ಮೀಟರಿನ ಆರು ಸುತ್ತು ಬೇಕಾಗುತ್ತದೆ. ನಡುವೆ ಕೂರಲು ಕುರ್ಚಿ ಇರಲಿ. ದಣಿದ ನಡಿಗೆಯನ್ನು ಅಳೆದು ಸ್ಥಿರತೆ ಕುಸಿದಿದೆ ಎಂದರೆ ಆ ಹಿರಿಯರಿಗೆ ಮಾಡಿದ ಅನ್ಯಾಯವಾಗುತ್ತದೆ.

ಪರೀಕ್ಷೆಯುದ್ದಕ್ಕೂ ಒಬ್ಬರು ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ, ದುರ್ಬಲವಾದ ಕಾಲಿನ ಕಡೆಗೆ ನಡೆಯಬೇಕು. ಕೈ ಹಿಡಿಯಬಾರದು, ಆದರೆ ಹಿಡಿಯುವಷ್ಟು ಹತ್ತಿರವಿರಬೇಕು. ಮುಂದೆ ನಡೆದರೆ ಹಿರಿಯರು ನಿಮ್ಮ ವೇಗಕ್ಕೆ ಹೊಂದಿಕೊಂಡುಬಿಡುತ್ತಾರೆ. ಊರುಗೋಲು ಬಳಸುವವರು ಊರುಗೋಲಿನೊಂದಿಗೇ ನಡೆಯಲಿ. ಅದನ್ನು ಕಾಗದದಲ್ಲಿ ದಾಖಲಿಸಿ, ಮುಂದಿನ ಸಲವೂ ಹಾಗೆಯೇ ಇರಲಿ.

ಆಮೇಲೆ ಎದ್ದು-ನಡೆದು-ಕೂರುವ ಪರೀಕ್ಷೆ. ಪಾಡ್ಸಿಯಾಡ್ಲೊ ಮತ್ತು ರಿಚರ್ಡ್‌ಸನ್ 1991ರಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟರು. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರುವುದು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಮಾರ್ಗಸೂಚಿ 12 ಸೆಕೆಂಡು ಅಥವಾ ಹೆಚ್ಚು ತೆಗೆದುಕೊಂಡರೆ ಬೀಳುವ ಅಪಾಯವಿದೆ ಎನ್ನುತ್ತದೆ. ಸ್ಟಾಪ್‌ವಾಚ್ ಒಟ್ಟು ಸಮಯವನ್ನಷ್ಟೇ ಕೊಡುತ್ತದೆ. ಸೆನ್ಸರ್ ಇದ್ದರೆ ಏಳಲು ಎಷ್ಟು ಹೊತ್ತು, ತಿರುಗಲು ಎಷ್ಟು ಹೊತ್ತು, ತಿರುಗುವಾಗ ಎಷ್ಟು ಹೆಜ್ಜೆ ಎಂದು ಬಿಡಿಸಿ ನೋಡಬಹುದು. ನನಗಂತೂ ತಿರುವಿನ ಭಾಗ ಅತಿ ಮುಖ್ಯ. ನೇರ ಹಾದಿಯಲ್ಲಿ ಚೆಂದವಾಗಿ ನಡೆದವರು ತಿರುಗುವಾಗ ಐದಾರು ಪುಟ್ಟ ಹೆಜ್ಜೆಗಳಲ್ಲಿ ತಡವರಿಸುವುದನ್ನು ಕಂಡಿದ್ದೇನೆ.

ಕೊನೆಗೆ, ಯೋಚಿಸುತ್ತಾ ನಡೆಯುವುದು. 100ರಿಂದ ಏಳೇಳು ಕಳೆಯುತ್ತಾ ಹೋಗುವುದು, ಅದು ಕಷ್ಟವಾದರೆ ಮೂರುಮೂರು, ಅದೂ ಬೇಡವಾದರೆ ಪ್ರಾಣಿಗಳ ಹೆಸರು ಹೇಳುವುದು. ಕೂತಲ್ಲೇ ಇದನ್ನು ಮೊದಲು ಮಾಡಿಸಿ, ಆಮೇಲೆ ನಡೆಯುತ್ತಾ ಮಾಡಿಸಿ. 1997ರಲ್ಲಿ ಲುಂಡಿನ್-ಓಲ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪುಟ್ಟ ಅಧ್ಯಯನದಲ್ಲಿ, ಜೊತೆಯಲ್ಲಿ ನಡೆಯುತ್ತಾ ಮಾತಿಗೆಳೆದಾಗ 12 ಹಿರಿಯರು ನಡಿಗೆ ನಿಲ್ಲಿಸಿ ಉತ್ತರಿಸಿದ್ದರು. ಮುಂದಿನ ಆರು ತಿಂಗಳಲ್ಲಿ ಅವರಲ್ಲಿ 10 ಮಂದಿ ಬಿದ್ದರು. ಮನಸ್ಸಿನ ಗಮನವೆಲ್ಲ ಹೆಜ್ಜೆಗೇ ಖರ್ಚಾಗುತ್ತಿದೆ ಎಂಬುದರ ಸುಳಿವು ಅದು. ಸುಮ್ಮನೆ ನಡೆದಾಗ ಕಾಣದ ಏರಿಳಿತ ಈ ಪರೀಕ್ಷೆಯಲ್ಲಿ ಎದ್ದು ಕಾಣುತ್ತದೆ.

ಅಲೆಗಳಿಂದ ಅಂಕಿಗಳಿಗೆ

ಸೊಂಟದ ಸೆನ್ಸರ್‌ನ ದಾಖಲೆಯನ್ನು ಪರದೆಯ ಮೇಲೆ ತೆರೆದರೆ ಪ್ರತಿ ಹೆಜ್ಜೆಗೂ ಒಂದು ಏರು, ಒಂದು ಇಳಿತ ಕಾಣುತ್ತದೆ. ಮೊದಲು 20 ಹರ್ಟ್ಸ್‌ನ ಲೋ-ಪಾಸ್ ಫಿಲ್ಟರ್ (ಅದಕ್ಕಿಂತ ವೇಗದ ಕಂಪನಗಳನ್ನು ಸೋಸುವ ಲೆಕ್ಕ) ಹಾಯಿಸಿ ನಡುಕವನ್ನು ತೆಗೆಯಿರಿ. ಫಿಲ್ಟರನ್ನು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ ಎರಡೂ ದಿಕ್ಕಿಗೆ ಹಾಯಿಸಬೇಕು, ಇಲ್ಲದಿದ್ದರೆ ಏರಿನ ತುದಿಗಳು ತಮ್ಮ ಸಮಯದಿಂದ ಜರುಗುತ್ತವೆ. ತಿರುವುಗಳನ್ನೂ ತುದಿಯ ಹೆಜ್ಜೆಗಳನ್ನೂ ಕತ್ತರಿಸಿ ತೆಗೆದ ಮೇಲೆ ಏರುಗಳನ್ನು ಗುರುತಿಸಿ. ತಂತ್ರಾಂಶ ತಾನಾಗಿ ಗುರುತಿಸಿದ್ದರೂ ಒಮ್ಮೆ ಕಣ್ಣಾಡಿಸಿ. ಕಾಲೆಳೆದು ನಡೆಯುವವರಲ್ಲಿ ಏರುಗಳು ಮಂಕಾಗಿರುತ್ತವೆ. ತಂತ್ರಾಂಶ ಒಂದು ಹೆಜ್ಜೆ ತಪ್ಪಿಸಿಕೊಂಡರೂ ಆ ಜೋಡಿಹೆಜ್ಜೆಯ ಅವಧಿ ಒಂದೂವರೆ ಪಟ್ಟೋ ಎರಡು ಪಟ್ಟೋ ಆಗಿ ಲೆಕ್ಕವೆಲ್ಲ ಕೆಡುತ್ತದೆ.

ಈಗ ಮುಖ್ಯ ಲೆಕ್ಕ. ವಿಷಯ ತಿಳಿಯಾಗಲೆಂದು ಎಂಟೆಂಟೇ ಜೋಡಿಹೆಜ್ಜೆಗಳ ಒಂದು ಉದಾಹರಣೆ ಕಟ್ಟಿದ್ದೇನೆ. ಮೊದಲನೆಯವರ ಅವಧಿಗಳು ಸೆಕೆಂಡುಗಳಲ್ಲಿ 1.10, 1.12, 1.09, 1.11, 1.10, 1.12, 1.08, 1.11. ಎರಡನೆಯವರದ್ದು 1.04, 1.19, 1.08, 1.16, 1.02, 1.14, 1.07, 1.13. ಕೂಡಿ ನೋಡಿ, ಇಬ್ಬರದ್ದೂ ಮೊತ್ತ 8.83, ಸರಾಸರಿ 1.10. ಸರಾಸರಿಯನ್ನಷ್ಟೇ ನೋಡಿದವರಿಗೆ ಇಬ್ಬರ ನಡಿಗೆಯೂ ಒಂದೇ. ಆದರೆ ಅವಧಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ ಮೊದಲನೆಯವರದ್ದು 0.014, ಎರಡನೆಯವರದ್ದು 0.060. ಅದನ್ನು ಸರಾಸರಿಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಮಾರ್ಪಿನ ಗುಣಾಂಕ ಸಿಗುತ್ತದೆ, ಮೊದಲನೆಯವರಿಗೆ 1.3, ಎರಡನೆಯವರಿಗೆ 5.5. ಆರೋಗ್ಯವಂತರ ಸಹಜ ನಡಿಗೆಯಲ್ಲಿ ಇದು ಸಾಮಾನ್ಯವಾಗಿ ಶೇ. 1ರಿಂದ 3ರೊಳಗೆ ಇರುತ್ತದೆ. ಎರಡನೆಯವರ ಕಡೆಗೆ ಗಮನ ಹರಿಯಬೇಕು.

ಈ ಲೆಕ್ಕಕ್ಕೆ ಆಧಾರವಿದೆ. ಜೆಫ್ರಿ ಹೌಸ್‌ಡಾರ್ಫ್ ಮತ್ತು ಸಂಗಡಿಗರು 52 ಹಿರಿಯರ ನಡಿಗೆಯನ್ನು ಪಾದದಡಿಯ ಒತ್ತಡ ಸೆನ್ಸರ್‌ಗಳಿಂದ ಅಳೆದು, ಒಂದು ವರ್ಷ ಅವರನ್ನು ಗಮನಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೋಡಿಹೆಜ್ಜೆಯ ಅವಧಿಯ ಏರಿಳಿತ ಬಿದ್ದವರಲ್ಲಿ ಸರಾಸರಿ 106 ಮಿಲಿಸೆಕೆಂಡು, ಬೀಳದವರಲ್ಲಿ 49. ಅಳತೆ ನಡೆದದ್ದು ಅವರು ಬೀಳುವ ಮೊದಲು ಎಂಬುದೇ ಇಲ್ಲಿ ತೂಕದ ಮಾತು.

ವೇಗಕ್ಕೆ ಮಾತ್ರ ಸ್ಟಾಪ್‌ವಾಚೇ ನನ್ನ ಆಯ್ಕೆ. ಸೊಂಟದ ಏರಿಳಿತ ಮತ್ತು ಕಾಲಿನ ಉದ್ದದಿಂದ ಹೆಜ್ಜೆಯ ಉದ್ದವನ್ನು ಅಂದಾಜು ಮಾಡುವ ಸೂತ್ರಗಳಿವೆ, ಆದರೆ ಕಾಲೆಳೆದು ನಡೆಯುವವರಲ್ಲಿ ಅವು ತಪ್ಪುತ್ತವೆ. 10 ಮೀಟರಿಗೆ 12.5 ಸೆಕೆಂಡು ಹಿಡಿದರೆ ಸೆಕೆಂಡಿಗೆ 0.8 ಮೀಟರ್. ಅಷ್ಟು ಅಥವಾ ಅದಕ್ಕಿಂತ ಕಡಿಮೆ ವೇಗವನ್ನು ಸ್ನಾಯುಕ್ಷಯ ತೀವ್ರವಾಗಿದೆ ಎಂಬುದರ ಗುರುತುಗಳಲ್ಲಿ ಒಂದಾಗಿ ಯುರೋಪಿನ ತಜ್ಞರ ಗುಂಪು ಪರಿಗಣಿಸುತ್ತದೆ.

ಇನ್ನೂ ಆಳಕ್ಕೆ ಹೋಗುವವರಿಗೆ ಎರಡು ಅಳತೆಗಳಿವೆ. ಹಾರ್ಮೋನಿಕ್ ಅನುಪಾತ ನಡಿಗೆಯ ನಯವನ್ನು ಹೇಳುತ್ತದೆ, ಎಡ ಹೆಜ್ಜೆ ಬಲ ಹೆಜ್ಜೆಯ ಪಡಿಯಚ್ಚಿನಂತಿದ್ದಷ್ಟೂ ಅಂಕಿ ದೊಡ್ಡದು. ಲ್ಯಾಪುನೋವ್ ಘಾತಾಂಕ ಸಣ್ಣ ಅಲುಗಾಟವೊಂದು ಮುಂದಿನ ಹೆಜ್ಜೆಗಳಲ್ಲಿ ಎಷ್ಟು ಬೇಗ ಬೆಳೆಯುತ್ತದೆ ಎಂಬುದನ್ನು ಹೇಳುತ್ತದೆ, ಅಲ್ಲಿ ದೊಡ್ಡ ಅಂಕಿ ಎಂದರೆ ಕಡಿಮೆ ಸ್ಥಿರತೆ. ಎರಡನೆಯದಕ್ಕೆ ಬಹಳ ಉದ್ದದ, ನಿರಂತರವಾದ ದಾಖಲೆ ಬೇಕು. ಹೋಲಿಸುವ ಎರಡು ದಾಖಲೆಗಳಲ್ಲಿ ಹೆಜ್ಜೆಗಳ ಸಂಖ್ಯೆಯೂ ಸಮನಾಗಿರಬೇಕು. ಹೊಸಬರು ಇದರಿಂದ ಶುರುಮಾಡುವುದು ಬೇಡ.

ಅಂಕಿಗಳನ್ನು ಓದುವಾಗ

ಏರಿಳಿತವನ್ನು ವೇಗದ ಜೊತೆಯಲ್ಲೇ ಓದಿ. ಯಾರೇ ಆದರೂ ಬಲು ನಿಧಾನವಾಗಿ ನಡೆದರೆ ಹೆಜ್ಜೆಯ ಏರಿಳಿತ ಹೆಚ್ಚುತ್ತದೆ. ಮೂರು ತಿಂಗಳ ಹಿಂದೆ ಸೆಕೆಂಡಿಗೆ 1.0 ಮೀಟರ್ ನಡೆದವರು ಇಂದು 0.8ರಲ್ಲಿ ನಡೆದಿದ್ದರೆ ಏರಿಳಿತ ಹೆಚ್ಚಿದ್ದರಲ್ಲಿ ಒಂದು ಪಾಲು ನಿಧಾನಕ್ಕೆ ಸೇರಿದ್ದು. ಆದರೆ ನಿಧಾನವಾದದ್ದೇ ಒಂದು ಸುದ್ದಿ ಎಂಬುದನ್ನು ಮರೆಯಬೇಡಿ. ವೇಗದಲ್ಲಿ 0.1 ಮೀಟರಿನ ಬದಲಾವಣೆ ಹಿರಿಯರ ದಿನನಿತ್ಯದ ಬದುಕಿನಲ್ಲಿ ಗಣನೀಯವೇ.

ನಿಮ್ಮ ಅಳತೆಯ ದೋಷ ಎಷ್ಟೆಂದು ನಿಮಗೆ ಗೊತ್ತಿರಬೇಕು. ಕೆಲವರನ್ನು ಒಂದೇ ದಿನ ಎರಡು ಸಲ, ಸೆನ್ಸರ್ ಬಿಚ್ಚಿ ಮತ್ತೆ ಕಟ್ಟಿ ಅಳೆಯಿರಿ. ಎರಡರ ನಡುವೆ ಬರುವ ವ್ಯತ್ಯಾಸ ನಿಮ್ಮ ಕೈಯ, ನಿಮ್ಮ ಉಪಕರಣದ ದೋಷ. ಮುಂದೆ ಕಾಣುವ ಬದಲಾವಣೆ ಅದನ್ನು ಮೀರಿದ್ದರೆ ಮಾತ್ರ ಬದಲಾವಣೆ ಎನ್ನಿ. ಹಾಗೆಯೇ ಬೇರೆ ಸೆನ್ಸರ್, ಬೇರೆ ತಂತ್ರಾಂಶ, ದೇಹದ ಬೇರೆ ಜಾಗದಿಂದ ಬಂದ ಅಂಕಿಗಳ ಜೊತೆ ಹೋಲಿಸಬೇಡಿ. ಹಿರಿಯರೊಬ್ಬರ ನಡಿಗೆಗೆ ಅತ್ಯಂತ ನಂಬಿಕಸ್ಥ ಅಳತೆಗೋಲು ಅವರದೇ ಹಿಂದಿನ ನಡಿಗೆ.

ವಾರವಿಡೀ ಕಟ್ಟಿಕೊಂಡಿದ್ದರೆ

ದಿನನಿತ್ಯದ ನಡಿಗೆ ಪರೀಕ್ಷೆಯ ನಡಿಗೆಗಿಂತ ನಿಧಾನ, ಏರಿಳಿತವೂ ಹೆಚ್ಚು. ಅದರಲ್ಲಿ ಬಹುಪಾಲು ಒಂದು ನಿಮಿಷಕ್ಕೂ ಕಡಿಮೆಯ ತುಂಡುತುಂಡು ನಡಿಗೆ, ಕೋಣೆಯಿಂದ ಕೋಣೆಗೆ, ಕುರ್ಚಿಯಿಂದ ಕಿಟಕಿಗೆ. ಹಾಗಾಗಿ ಎಷ್ಟು ಸೆಕೆಂಡಿಗಿಂತ ಉದ್ದದ ನಡಿಗೆಯನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂದು ಮೊದಲೇ ನಿರ್ಧರಿಸಿ, ಬದಲಿಸಬೇಡಿ. ಎರಡು ರಜಾದಿನಗಳೂ ಸೇರಿದಂತೆ ಏಳು ದಿನ ಕಟ್ಟಿಸಿ. ಸ್ನಾನಕ್ಕೆ, ನಿದ್ರೆಗೆ ಬಿಚ್ಚಿದ ಹೊತ್ತನ್ನು ಬರೆದಿಡಲು ಒಂದು ಹಾಳೆ ಕೊಡಿ. ಈ ದಾಖಲೆ ಅವರ ಖಾಸಗಿ ಬದುಕಿನ ದಾಖಲೆಯೂ ಹೌದು. ರಾತ್ರಿಯೂ ಕಟ್ಟಿಕೊಂಡಿದ್ದರೆ ಎಷ್ಟು ಸಲ ಎದ್ದರು ಎಂಬುದು ಕೂಡ ಅದರಲ್ಲಿರುತ್ತದೆ. ಯಾರು ನೋಡುತ್ತಾರೆ, ಯಾವಾಗ ಅಳಿಸಲಾಗುತ್ತದೆ ಎಂದು ಅವರಿಗೇ ಹೇಳಿ ಒಪ್ಪಿಗೆ ಪಡೆಯಬೇಕು, ಮಕ್ಕಳ ಒಪ್ಪಿಗೆ ಸಾಲದು.

ಫೋನ್ ಸಾಕಾಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. 2021ರಲ್ಲಿ ಐಒಎಸ್ 15ರ ಜೊತೆ ಐಫೋನ್‌ಗೆ ‘ವಾಕಿಂಗ್ ಸ್ಟೆಡಿನೆಸ್’ ಎಂಬ ಸೌಲಭ್ಯ ಬಂತು. ಅದು ನಡಿಗೆಯ ಸ್ಥಿರತೆಯನ್ನು ಮೂರು ಹಂತಗಳಲ್ಲಿ ತೋರಿಸಿ, ಕುಸಿದರೆ ಎಚ್ಚರಿಸುತ್ತದೆ. ಫೋನ್ ಸೊಂಟದ ಹತ್ತಿರದ ಜೇಬಿನಲ್ಲಿದ್ದರೆ ಮಾತ್ರ ಅದಕ್ಕೆ ಅರ್ಥ. ಫೋನನ್ನು ಮೇಜಿನ ಮೇಲಿಟ್ಟು ಓಡಾಡುವ ಹಿರಿಯರ ಬಗ್ಗೆ ಅದು ಏನನ್ನೂ ಹೇಳಲಾರದು. ಮೊದಲ ಎಚ್ಚರಿಕೆಯ ಗಂಟೆಯಾಗಿ ಒಳ್ಳೆಯದು, ಪೂರ್ಣ ತಪಾಸಣೆಯ ಬದಲಿಗಲ್ಲ.

ಹಿರಿಯರಿಗೆ ಹೇಳುವುದು, ಮುಂದಿನ ಕ್ರಮ

‘ನೀವು ಬೀಳುತ್ತೀರಿ’ ಎಂದು ಎಂದೂ ಹೇಳಬೇಡಿ. ಆ ಮಾತೇ ಅವರನ್ನು ಕುರ್ಚಿಗೆ ಕಟ್ಟಿಹಾಕುತ್ತದೆ, ಕೂತಷ್ಟೂ ಕಾಲಿನ ಕಸುವು ಇಳಿಯುತ್ತದೆ. ‘ನೇರವಾಗಿ ಚೆನ್ನಾಗಿ ನಡೆಯುತ್ತೀರಿ, ತಿರುಗುವಾಗ ಹೆಜ್ಜೆ ಸ್ವಲ್ಪ ತಡವರಿಸುತ್ತಿದೆ, ಅದನ್ನು ಅಭ್ಯಾಸ ಮಾಡೋಣ’ ಎಂದು ಹೇಳಿ. ಅಲೆಯ ಚಿತ್ರವನ್ನು ತೋರಿಸಿದರೆ ಅವರೇ ಆಸಕ್ತಿಯಿಂದ ಬೆರಳಿಟ್ಟು ಕೇಳುತ್ತಾರೆ.

ಏರಿಳಿತ ಹೆಚ್ಚಿದ್ದು, ಜೊತೆಗೆ ಬಿದ್ದ ಇತಿಹಾಸವೂ ಇದ್ದರೆ ವೈದ್ಯರ ಬಳಿ ಔಷಧಿಗಳ ಪಟ್ಟಿಯೊಂದಿಗೆ ಹೋಗಬೇಕು. ಅಡ್ಡಿಯಿಲ್ಲವೆಂದಾದರೆ ಸಮತೋಲನಕ್ಕೆ ನಿಜವಾಗಿ ಸವಾಲೊಡ್ಡುವ ವ್ಯಾಯಾಮ ಶುರುಮಾಡಿ. ಪಾದಗಳನ್ನು ಹತ್ತಿರ ತಂದು ನಿಲ್ಲುವುದು, ಆಸರೆಯ ಪಕ್ಕದಲ್ಲಿ ಒಂಟಿಕಾಲಲ್ಲಿ ನಿಲ್ಲುವುದು, ಎಂಟರ ಆಕಾರದಲ್ಲಿ ನಡೆಯುವುದು. ಸುಮ್ಮನೆ ನಡೆದಾಡುವುದಷ್ಟೇ ಸಾಲುವುದಿಲ್ಲ. ವಾರಕ್ಕೆ 3 ಗಂಟೆ ಮೀರಿ ಇಂಥ ವ್ಯಾಯಾಮ ಮಾಡಿಸಿದ ಕಾರ್ಯಕ್ರಮಗಳಲ್ಲಿ ಬೀಳುವುದು ಹೆಚ್ಚು ತಗ್ಗಿದೆ. 12 ವಾರಗಳ ನಂತರ ಅದೇ ಹಾದಿಯಲ್ಲಿ, ದಿನದ ಅದೇ ಹೊತ್ತಿಗೆ, ಅದೇ ಪಾದರಕ್ಷೆ ಹಾಕಿಸಿ, ಅದೇ ಮಾತುಗಳನ್ನು ಹೇಳಿ ಮತ್ತೆ ಅಳೆಯಿರಿ. ಈ ವಿವರಗಳನ್ನೆಲ್ಲ ಮೊದಲ ದಿನವೇ ಅವರ ಕಡತದ ಮೊದಲ ಪುಟದಲ್ಲಿ ಬರೆದಿಡಿ. ಮುಂದಿನ ಸಲ ಅಳೆಯುವವರು ನೀವೇ ಆಗಿರಬೇಕೆಂದಿಲ್ಲ.